ಆಫೀಸಿನಿಂದ ಬಂದು ಮಾಡಿದ ಅಡುಗೆ ನೈವೇದ್ಯಕ್ಕೆ ಆಗುತ್ತದೆಯೇ?

ಪ್ರಶ್ನೆ: ನನಗೆ 44 ವರ್ಷ, ಬ್ಯಾಂಕಿನಲ್ಲಿ ಕೆಲಸ. ಮನೆಯಲ್ಲಿ ಯಜಮಾನರು, ಕಾಲೇಜಿಗೆ ಹೋಗುವ ಮಗಳು, 82 ವರ್ಷದ ಅತ್ತೆ. ಅತ್ತೆಯವರು ತುಂಬಾ ಮಡಿ. ಮೊದಲು ಅವರೇ ಅಡುಗೆ ಮಾಡಿ ದೇವರಿಗೆ ಇಡುತ್ತಿದ್ದರು. ಮೂರು ವರ್ಷದ ಹಿಂದೆ ಮಾವ ಹೋದರು. ಆಮೇಲೆ ಅತ್ತೆಗೆ ಮಂಡಿನೋವು ಜಾಸ್ತಿಯಾಗಿ ನಿಲ್ಲಲು ಆಗುವುದಿಲ್ಲ. ಬೆಳಿಗ್ಗೆ ಅಡುಗೆಗೆ ಒಬ್ಬರು ಬರುತ್ತಾರೆ. ರಾತ್ರಿ ಏಳೂವರೆಗೆ ನಾನು ಬಂದು ಮಾಡುತ್ತೇನೆ. ಅಡುಗೆಯಾಕೆ ನಮ್ಮವರಲ್ಲ, ನಾನು ಬಸ್ಸಿನಲ್ಲಿ ಬಂದ ಮೈಲಿಗೆ ಅಂತ ಅತ್ತೆ ಎರಡು ಹೊತ್ತೂ ಸರಿಯಾಗಿ ಊಟ ಮಾಡುವುದಿಲ್ಲ. ಅವಲಕ್ಕಿ, ಬಾಳೆಹಣ್ಣು, ಹಾಲು ಅಷ್ಟೆ. ನಾನು ಮಾಡಿದ್ದು ಮಡಿಯಲ್ಲವಲ್ಲ ಅಂತ ಒಂದು ವರ್ಷದಿಂದ ನೈವೇದ್ಯವನ್ನೇ ನಿಲ್ಲಿಸಿದ್ದೇನೆ. ಪರಿಚಯದ ಜ್ಯೋತಿಷಿಯೊಬ್ಬರು ಇದು ಅನ್ನಪೂರ್ಣೆಯ ಕೋಪ, ಶಾಂತಿಹೋಮ ಮಾಡಿಸಬೇಕು ಎಂದು ದೊಡ್ಡ ಮೊತ್ತ ಹೇಳಿದ್ದಾರೆ. ಫ್ರಿಜ್ಜಿನಲ್ಲಿಟ್ಟ ಅನ್ನ ತಂಗಳೇ? ಉಳಿದದ್ದನ್ನು ಪಾತ್ರೆ ತೊಳೆಯುವವಳಿಗೆ ಕೊಟ್ಟರೆ ಅನ್ನದಾನದ ಪುಣ್ಯ ಬರುತ್ತದೆಯೇ? ಅತ್ತೆಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ನುಂಗುತ್ತಾರೆ. ಹೋದ ಏಕಾದಶಿ ದಿನ ತಲೆಸುತ್ತಿ ಬಿದ್ದರು. ಏನು ಮಾಡಲಿ? (ಮರೆತಿದ್ದೆ, ಪೂಜೆಗೆ ಮೊದಲು ಕಾಫಿ ಕುಡಿಯಬಹುದೇ?)
– ಬೆಂಗಳೂರಿನ ಓದುಗರೊಬ್ಬರು, ಹೆಸರು ಬೇಡ ಎಂದಿದ್ದಾರೆ

ಉತ್ತರ: ತಾಯಿ, ಏಕಾದಶಿಯ ವಿಷಯವನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ. ನಾನು ಅದನ್ನೇ ಮೊದಲು ತೊಗೋತೇನೆ, ಯಾಕೆಂದರೆ ಉಳಿದದ್ದೆಲ್ಲ ಒಂದು ವಾರ ತಡವಾದರೂ ನಡೆಯುತ್ತದೆ, ಇದು ನಡೆಯುವುದಿಲ್ಲ. ಮುಂದಿನ ಏಕಾದಶಿ ಹದಿನೈದು ದಿನದೊಳಗೆ ಬಂದೇ ಬರುತ್ತೆ.

ಏಕಾದಶಿ ಉಪವಾಸ ಯಾರಿಗೆ ಕಡ್ಡಾಯ ಅನ್ನುವುದಕ್ಕೆ ನಿಬಂಧಕಾರರು ವಯಸ್ಸಿನ ಗಡಿಯನ್ನೇ ಹಾಕಿದ್ದಾರೆ. ಎಂಟು ವರ್ಷ ದಾಟಿದವರಿಂದ ಹಿಡಿದು ಎಂಬತ್ತು ತುಂಬದವರವರೆಗೆ. ನಿಮ್ಮ ಅತ್ತೆಯವರಿಗೆ 82. ಅಂದರೆ ಎರಡು ವರ್ಷದ ಹಿಂದೆಯೇ ಶಾಸ್ತ್ರ ಅವರನ್ನು ಆ ಕಟ್ಟಿನಿಂದ ಬಿಡಿಸಿದೆ. ಅವರು ಈಗ ಮಾಡುತ್ತಿರುವುದು ಕರ್ತವ್ಯ ಅಲ್ಲ, ಅಭ್ಯಾಸ. ಅರವತ್ತು ವರ್ಷದ ಅಭ್ಯಾಸ ಬಿಡುವುದು ಸುಲಭ ಅಲ್ಲ, ಅದು ನನಗೂ ಗೊತ್ತು. ಅಂಥವರಿಗಾಗಿಯೇ ಅನುಕಲ್ಪ ಅಂತ ಇದೆ. ನಿರ್ಜಲ ಆಗದವರು ಹಾಲು, ಹಣ್ಣು ತೊಗೋಬಹುದು, ಅದೂ ಆಗದವರು ಹವಿಷ್ಯಾನ್ನ ತೊಗೋಬಹುದು, ಅಥವಾ ಒಂದು ಹೊತ್ತು ಊಟ ಮಾಡಬಹುದು. ಮೇಲಿಂದ ಕೆಳಗೆ ಮೆಟ್ಟಿಲಿದ್ದ ಹಾಗೆ, ಅಶಕ್ತರು ಯಾವ ಮೆಟ್ಟಿಲಲ್ಲಿ ಕೂತರೂ ವ್ರತದೊಳಗೇ ಇದ್ದಾರೆ.

ಇನ್ನೊಂದು ಮಾತನ್ನು ಎಲ್ಲ ಓದುಗರೂ ಗಮನಿಸಬೇಕು. ವ್ರತವನ್ನು ಕೆಡಿಸದ ವಸ್ತುಗಳು ಎಂಟು ಎಂದು ಹಿರಿಯರು ಎಣಿಸಿದ್ದಾರೆ: ನೀರು, ಗೆಡ್ಡೆಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ. ಔಷಧ ಆ ಪಟ್ಟಿಯಲ್ಲಿ ಇದೆ ನೋಡಿ. ಮಾತ್ರೆ ನುಂಗಿ ಊಟ ಬಿಡುವುದು ಸಕ್ಕರೆ ಕಾಯಿಲೆಯವರಿಗೆ ಅಪಾಯ. ಮಾತ್ರೆಯ ಜೊತೆಗೆ ತಿನ್ನಬೇಕಾದ ಊಟವೂ ಔಷಧದ ಭಾಗವೇ ಎಂದು ನಾನು ತಿಳಿಯುತ್ತೇನೆ. ಏಕಾದಶಿ ದಿನ ಏನು, ಎಷ್ಟು ಹೊತ್ತಿಗೆ ಎಂದು ವೈದ್ಯರನ್ನು ಕೇಳಿ ಬರೆಸಿಕೊಂಡು ಬನ್ನಿ. ಆ ಚೀಟಿಯನ್ನು ತೊಗೊಂಡು ನಿಮ್ಮ ಮಠದ ಗುರುಗಳ ಹತ್ತಿರ ಅತ್ತೆಯವರನ್ನು ಕರೆದುಕೊಂಡು ಹೋಗಿ. ನನ್ನ ಮಾತನ್ನೂ ನಿಮ್ಮ ಮಾತನ್ನೂ ಅವರು ಪಕ್ಕಕ್ಕಿಡಬಹುದು. ಗುರುಗಳು ತೀರ್ಥ ಕೊಟ್ಟು "ಊಟ ಮಾಡಿ ತಾಯಿ" ಎಂದರೆ ಪಕ್ಕಕ್ಕಿಡುವುದಿಲ್ಲ. ಇದನ್ನು ದಯವಿಟ್ಟು ಈ ಪಕ್ಷದಲ್ಲೇ ಮಾಡಿ.

ಈಗ ಹೋಮದ ಮಾತು. ಬೇಡ. ನಾನೂ ನಲವತ್ತು ವರ್ಷದಿಂದ ಜಾತಕ ನೋಡುವವನೇ. ಅಡುಗೆಯಾಕೆ ಮಾಡಿದ ಅನ್ನ ತಿಂದದ್ದಕ್ಕೆ, ಸೊಸೆ ಬಸ್ಸಿನಲ್ಲಿ ಬಂದದ್ದಕ್ಕೆ ಅನ್ನಪೂರ್ಣೆ ಕೋಪಿಸಿಕೊಂಡಳು ಎಂದು ತೋರಿಸುವ ಗ್ರಹಸ್ಥಿತಿ ಯಾವ ಹೋರಾಗ್ರಂಥದಲ್ಲೂ ನಾನು ಓದಿಲ್ಲ. ಅಡುಗೆಮನೆಯಲ್ಲಿ ದೋಷ ಇದೆಯೇ ಎಂದು ಕೇಳಿದರೆ, ಇದೆ. ಎಲ್ಲರ ಮನೆಯಲ್ಲೂ ಇದೆ. ಅದನ್ನು ಹೇಳುವುದಕ್ಕೆ ಜ್ಯೋತಿಷಿ ಬೇಕಾಗಿಲ್ಲ. ಮನುಸ್ಮೃತಿಯ ಮೂರನೇ ಅಧ್ಯಾಯದಲ್ಲಿ ಪಂಚಸೂನಾ ಎಂದು ಬರುತ್ತದೆ. ಗೃಹಸ್ಥನ ಮನೆಯಲ್ಲಿ ಅರಿವಿಲ್ಲದೆ ಜೀವಹಿಂಸೆ ಆಗುವ ಐದು ಜಾಗಗಳು ಇವು: ಒಲೆ, ಅರೆಯುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಈಗ ಒಲೆ ಹೋಗಿ ಗ್ಯಾಸ್ ಬಂತು, ಕಲ್ಲು ಹೋಗಿ ಮಿಕ್ಸಿ ಬಂತು, ಕೊಡದ ಬದಲು ಫಿಲ್ಟರ್ ಬಂತು. ಇರುವೆ, ನುಸಿ, ಅಕ್ಕಿಹುಳು ಮಾತ್ರ ಹಾಗೇ ಇವೆ. ಗುಡಿಸಿದರೆ, ಬೇಯಿಸಿದರೆ ಏನಾದರೂ ಸಾಯುತ್ತದೆ. ಇದು ತಪ್ಪಿಸಲಾಗದ ದೋಷ.

ಇದಕ್ಕೆ ಶಾಂತಿ ಏನು ಅಂತ ಅಲ್ಲೇ ಹೇಳಿದೆ. ದಿನಾ ಮಾಡುವ ಐದು ಯಜ್ಞ. ಓದುವುದು, ದೇವರಿಗೆ ಅರ್ಪಿಸುವುದು, ಪಿತೃಗಳಿಗೆ ನೀರು ಬಿಡುವುದು, ಕಾಗೆ ಗುಬ್ಬಿ ಹಸು ನಾಯಿಗಳಿಗೆ ಒಂದು ತುತ್ತು ಇಡುವುದು, ಮನುಷ್ಯರಿಗೆ ಊಟ ಹಾಕುವುದು. ಐದರಲ್ಲಿ ಮೂರು ಅನ್ನದ ಕೆಲಸ. ಖರ್ಚು ಒಂದು ಹಿಡಿ ಅಕ್ಕಿ. ಹೋಮಕ್ಕೆ ಎಂದು ತೆಗೆದಿಟ್ಟ ದುಡ್ಡಿದ್ದರೆ ಅತ್ತೆಯವರಿಗೆ ಕೂತು ಅಡುಗೆ ಮಾಡಲು ಎತ್ತರ ಸರಿಯಾಗಿರುವ ಒಂದು ಕುರ್ಚಿ, ಒಂದು ಇಂಡಕ್ಷನ್ ಒಲೆ ತನ್ನಿ. ಯಾಕೆಂದು ಮುಂದೆ ಹೇಳುತ್ತೇನೆ.

ನೈವೇದ್ಯ ನಿಲ್ಲಿಸಿದ್ದು ನನಗೆ ಬೇಜಾರಾಯಿತು ತಾಯಿ. ಮಡಿ ಇಲ್ಲ ಅಂತ ನೈವೇದ್ಯ ನಿಲ್ಲಿಸುವುದು, ಸ್ನಾನದ ನೀರು ಬಿಸಿಯಿಲ್ಲ ಅಂತ ಸ್ನಾನವನ್ನೇ ಬಿಡುವ ಹಾಗೆ. ಮಡಿ ಎಂದರೇನು ಎಂದು ಸ್ವಲ್ಪ ನೋಡೋಣ. ಮಿಂದು, ಯಾರೂ ಮುಟ್ಟದೆ ಒಣಗಿದ ಬಟ್ಟೆ ಉಟ್ಟು, ಇತರರನ್ನು ಮುಟ್ಟದೆ ಅಡುಗೆ ಮಾಡುವುದು, ಇದು ನಮ್ಮ ಕಡೆಯ ಕ್ರಮ. ಒಳ್ಳೆಯ ಕ್ರಮ. ಆದರೆ ಅದರೊಳಗೇ ಎಷ್ಟು ಸಡಿಲ ಇಟ್ಟಿದ್ದಾರೆ ನೋಡಿ. ಮಲೆನಾಡಿನ ಮಳೆಗಾಲದಲ್ಲಿ ಹತ್ತಿ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅಲ್ಲಿ ಪಟ್ಟೆಮಡಿ, ಧಾಬಳಿ ಕೈಹಿಡಿಯಿತು. ಅವನ್ನು ದಿನಾ ಒಗೆಯಬೇಕಾಗಿಲ್ಲ. ಜ್ವರ ಬಂದವರಿಗೆ, ನೀರಿಲ್ಲದ ಕಡೆ ಇದ್ದವರಿಗೆ ಸ್ನಾನವನ್ನೇ ಏಳು ಬಗೆ ಮಾಡಿದರು. ನೀರಿನ ಸ್ನಾನ ಅದರಲ್ಲಿ ಒಂದು, ಅದು ವಾರುಣ. ಮಂತ್ರದಿಂದ ಆಗುವುದು ಮಾಂತ್ರ, ಭಸ್ಮದಿಂದ ಆಗ್ನೇಯ, ಮೃತ್ತಿಕೆಯಿಂದ ಭೌಮ, ಹಸುವಿನ ಕಾಲಧೂಳಿನಿಂದ ವಾಯವ್ಯ, ಬಿಸಿಲಲ್ಲಿ ಬೀಳುವ ಮಳೆಯಿಂದ ದಿವ್ಯ, ಭಗವಂತನ ಚಿಂತನೆಯಿಂದ ಮಾನಸ. ಇಷ್ಟು ದಾರಿ ತೆರೆದಿಟ್ಟವರು ಬಸ್ಸಿನಲ್ಲಿ ಬಂದ ಸೊಸೆಗೆ ಬಾಗಿಲು ಹಾಕುತ್ತಿದ್ದರೇ?

ನೀವು ಹೀಗೆ ಮಾಡಿ. ಮನೆಗೆ ಬಂದ ತಕ್ಷಣ ಹೊರಗಿನ ಬಟ್ಟೆ ಬದಲಿಸಿ. ಆದರೆ ಎರಡು ತಂಬಿಗೆ ಸ್ನಾನ, ಆಗದಿದ್ದರೆ ಕೈಕಾಲು ಮುಖ ತೊಳೆದು ಬಾಯಿ ಮುಕ್ಕಳಿಸಿ. ರಾತ್ರಿ ಅಡುಗೆಗೆ ಅಂತಲೇ ಒಗೆದ ಒಂದು ಹತ್ತಿ ಸೀರೆಯೋ ಚೂಡಿದಾರವೋ ಬೇರೆ ಇರಲಿ, ಅದನ್ನು ಇನ್ನು ಯಾವುದಕ್ಕೂ ಹಾಕಬೇಡಿ. ಒಲೆಕಟ್ಟೆ ಒರೆಸಿ, ದೇವರ ಮುಂದೆ ದೀಪ ಹಚ್ಚಿ ಒಲೆ ಹಚ್ಚಿ. ಅಡುಗೆ ಆದ ಮೇಲೆ ಉಪ್ಪು ನೋಡುವ ಮೊದಲು, ಯಾರಿಗೂ ಬಡಿಸುವ ಮೊದಲು, ಒಂದು ಚಿಕ್ಕ ಬಟ್ಟಲಿಗೆ ಅನ್ನ, ತೊವ್ವೆ ತೆಗೆದು ತುಪ್ಪ ಹಾಕಿ. ದೇವರ ಮುಂದೆ ನೀರಿನಲ್ಲಿ ಚೌಕ ಬರೆದು ಅದರ ಮೇಲಿಡಿ. ತುಳಸಿದಳ ಇಟ್ಟು ಸುತ್ತ ನೀರು ಬಿಟ್ಟು, ಕಣ್ಣುಮುಚ್ಚಿ, ಇದು ನಿನ್ನದು ಎಂದು ಅರ್ಪಿಸಿ. ಮಂತ್ರ ಬರುವವರು ಪ್ರಾಣಾಹುತಿ ಹೇಳಲಿ, ಬರದವರು ಇಷ್ಟದೇವರ ನಾಮ ಹೇಳಲಿ. ಐದು ನಿಮಿಷದ ಕೆಲಸ. ಅದನ್ನು ತಂದು ದೊಡ್ಡ ಪಾತ್ರೆಯ ಅನ್ನಕ್ಕೆ ಬೆರೆಸಿ. ಅಲ್ಲಿಗೆ ಇಡೀ ಅಡುಗೆ ಪ್ರಸಾದ ಆಯಿತು. ಈರುಳ್ಳಿ ಬೆಳ್ಳುಳ್ಳಿ ಹಾಕಿದ ದಿನ ಹಾಲು, ಹಣ್ಣು, ಬೆಲ್ಲದ ಚೂರು ಇಟ್ಟರೆ ಸಾಕು. ಎಲೆ, ಹೂವು, ಹಣ್ಣು, ನೀರು ಇಷ್ಟರಲ್ಲೇ ತೃಪ್ತನಾಗುತ್ತೇನೆ ಎಂದು ಗೀತೆಯ ಒಂಬತ್ತನೇ ಅಧ್ಯಾಯದಲ್ಲಿ ಭಗವಂತನೇ ಹೇಳಿರುವಾಗ ನಾವು ಯಾಕೆ ದೊಡ್ಡ ಪಟ್ಟಿ ಮಾಡುವುದು?

ಇನ್ನು ಬೆಳಗಿನ ಅಡುಗೆಯಾಕೆ. "ನಮ್ಮವರಲ್ಲ" ಎಂಬ ಮಾತು ಬಂದಿದೆ. ಇದಕ್ಕೆ ನಾನು ಆಪಸ್ತಂಬ ಧರ್ಮಸೂತ್ರದಿಂದಲೇ ಉತ್ತರ ಕೊಡುತ್ತೇನೆ, ಯಾಕೆಂದರೆ ಅದು ಹಳೆಯದು, ನಮ್ಮಲ್ಲಿ ಎಷ್ಟೋ ಮನೆಗಳು ಆ ಸೂತ್ರದವೇ. ವೈಶ್ವದೇವದ ಅಡುಗೆ ಯಾರು ಮಾಡಬೇಕು ಎಂದು ಹೇಳಿ, ಮೇಲ್ವಿಚಾರಣೆ ಇದ್ದರೆ ಬೇರೆಯವರೂ ಮಾಡಬಹುದು ಎಂದು ಆ ಸೂತ್ರಕಾರರೇ ಒಪ್ಪುತ್ತಾರೆ. ಆಮೇಲೆ ಅವರು ಕೇಳುವುದು ಏನನ್ನು? ಕೂದಲು, ಉಗುರು ಕತ್ತರಿಸಿರಬೇಕು. ಅನ್ನದ ಕಡೆ ಮುಖ ಮಾಡಿ ಮಾತಾಡಬಾರದು, ಕೆಮ್ಮಬಾರದು, ಸೀನಬಾರದು. ಈಗಿನ ಕಾಲಕ್ಕೆ ಹೇಳುವುದಾದರೆ ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ಒಗ್ಗರಣೆ ಹಾಕಬಾರದು. ಈ ನಿಯಮ ಅಡುಗೆಯಾಕೆಗೆ ಎಷ್ಟೋ ನಮಗೂ ಅಷ್ಟೇ. ಮಡಿಯುಟ್ಟುಕೊಂಡೇ ಸಾರಿನ ಪಾತ್ರೆಯ ಮೇಲೆ ಬಗ್ಗಿ ಜಗಳ ಆಡುವವರನ್ನು ನಾನು ನೋಡಿದ್ದೇನೆ.

ಯಜಮಾನ ಎದುರಿಗೆ ಇಲ್ಲದಾಗ ಮಾಡಿದ ಅಡುಗೆ ಏನಾಗಬೇಕು? ಅದಕ್ಕೂ ಸೂತ್ರ ಇದೆ. ಆ ಅನ್ನವನ್ನು ಮತ್ತೆ ಒಮ್ಮೆ ಬೆಂಕಿಯ ಮೇಲಿಟ್ಟು, ನೀರು ಪ್ರೋಕ್ಷಿಸಬೇಕು. ಹಾಗೆ ಮಾಡಿದ ಅನ್ನ ದೇವತೆಗಳಿಗೂ ಪವಿತ್ರ ಎಂದು ಹೇಳಿದ್ದಾರೆ. ನಿಮ್ಮ ಮನೆಯ ಇಡೀ ತೊಡಕಿಗೆ ಇದೊಂದೇ ಮಾತು ಸಾಕು ಎಂದು ನನಗೆ ಅನ್ನಿಸುತ್ತದೆ. ಅಡುಗೆಯಾಕೆ ಒಂಬತ್ತಕ್ಕೆ ಅಡುಗೆ ಮುಗಿಸಿ ಹೋಗಲಿ. ಅತ್ತೆಯವರು ಸ್ನಾನ, ಜಪ ಮುಗಿಸಿ ಕುರ್ಚಿಯಲ್ಲಿ ಕೂತು, ತಮ್ಮ ಪಾಲಿನ ಅನ್ನ ಹುಳಿಯನ್ನು ಆ ಇಂಡಕ್ಷನ್ ಒಲೆಯ ಮೇಲಿಟ್ಟು ಬಿಸಿ ಮಾಡಿ, ತುಳಸಿಯಿಂದ ನೀರು ಪ್ರೋಕ್ಷಿಸಿ, ತಾವೇ ನೈವೇದ್ಯ ಮಾಡಲಿ. ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ, ಸೂತ್ರದಲ್ಲಿ ಇರುವ ವಿಧಿ.

ಅದೂ ಮನಸ್ಸಿಗೆ ಒಗ್ಗದಿದ್ದರೆ ಇನ್ನೊಂದು ದಾರಿ ನಮ್ಮ ಅಜ್ಜಿಯರ ಕಾಲದ್ದೇ. ಹಸಿಯ ಪದಾರ್ಥಕ್ಕೆ ಮುಸುರೆಯ ದೋಷ ಇಲ್ಲ. ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಅಕ್ಕಿ ಬೇಳೆ ಆರಿಸುವುದು, ಹುರಿದು ಪುಡಿ ಮಾಡಿಡುವುದು ಯಾರು ಮಾಡಿಕೊಟ್ಟರೂ ನಡೆಯುತ್ತದೆ. ಅದನ್ನೆಲ್ಲ ಅಡುಗೆಯಾಕೆ ಅಣಿ ಮಾಡಿಕೊಡಲಿ. ಅರ್ಧ ಪಾವು ಅಕ್ಕಿ, ಒಂದು ಹಿಡಿ ಬೇಳೆ ಚಿಕ್ಕ ಕುಕ್ಕರಿನಲ್ಲಿ ಇಟ್ಟು ಒಲೆ ಹಚ್ಚುವುದು ಮಾತ್ರ ಅತ್ತೆಯವರ ಕೈ. ಕೂತು ಮಾಡುವ ಕೆಲಸ. ಕುರ್ಚಿ ತನ್ನಿ ಅಂದದ್ದು ಇದಕ್ಕೇ. ನಮ್ಮ ಪಾಠಶಾಲೆಯಲ್ಲಿ ಅಡುಗೆ ಭಟ್ಟರಿಗೆ ವಯಸ್ಸಾಗಿ ಸೊಂಟ ಬಗ್ಗಿದಾಗ ಹಾಗೇ ನಡೆಯಿತು. ಹೆಚ್ಚುವುದು, ನೀರು ಸೇದುವುದು, ಹಂಡೆ ಇಳಿಸುವುದು ಎಲ್ಲ ಹುಡುಗರಾದ ನಮ್ಮ ಪಾಲಿಗೆ ಬಂತು. ಅವರು ಮಣೆಯ ಮೇಲೆ ಕೂತು ಒಗ್ಗರಣೆಯ ಸೌಟು ಮಾತ್ರ ಹಿಡಿದರು. ಸಾರಿನ ರುಚಿ ಹಾಗೇ ಇತ್ತು.

ತಂಗಳಿನ ವಿಷಯ ಈಗ ಎಲ್ಲ ಮನೆಯಲ್ಲೂ ಇದೆ. ಗೀತೆಯ ಹದಿನೇಳನೇ ಅಧ್ಯಾಯದಲ್ಲಿ ತಾಮಸ ಆಹಾರ ಹೇಳುವಾಗ ಯಾತಯಾಮ, ಪರ್ಯುಷಿತ ಎಂಬ ಎರಡು ಮಾತು ಬರುತ್ತವೆ. ಮಾಡಿ ಒಂದು ಜಾವ ಕಳೆದದ್ದು, ರಾತ್ರಿ ಕಳೆದದ್ದು ಎಂದು ಅರ್ಥ. ಇದನ್ನು ಹಿಡಿದುಕೊಂಡು ಕೆಲವರು ಮಧ್ಯಾಹ್ನದ ಸಾರನ್ನು ರಾತ್ರಿ ಚೆಲ್ಲುತ್ತಾರೆ. ಅದು ಅತಿಯಾಯಿತು. ಅನ್ನವನ್ನು ಹಳಿಯಬಾರದು ಎಂದು ತೈತ್ತಿರೀಯೋಪನಿಷತ್ತು ವ್ರತವಾಗಿಯೇ ಹೇಳಿದೆ. ಚೆಲ್ಲುವುದಕ್ಕಿಂತ ದೊಡ್ಡ ಹಳಿಯುವಿಕೆ ಯಾವುದು? ಮನುಸ್ಮೃತಿಯ ಐದನೇ ಅಧ್ಯಾಯದಲ್ಲಿ ಇದಕ್ಕೆ ವಿನಾಯಿತಿ ಬಿಡಿಸಿ ಹೇಳಿದ್ದಾರೆ. ಎಣ್ಣೆ ತುಪ್ಪ ಸೇರಿದ ಭಕ್ಷ್ಯಗಳು ರಾತ್ರಿ ಕಳೆದರೂ ತಿನ್ನಬಹುದು. ಗೋಧಿ, ಜವೆಯಿಂದ ಮಾಡಿದ್ದು, ಹಾಲಿನಿಂದ ಆದದ್ದು ಜಿಡ್ಡಿಲ್ಲದಿದ್ದರೂ ಅಡ್ಡಿಯಿಲ್ಲ. ಹುಳಿ ಬಂದ ಪದಾರ್ಥ ಬಿಡಬೇಕು, ಆದರೆ ಮೊಸರು, ಮೊಸರಿನಿಂದ ಆದದ್ದು ಬಿಡಬೇಕಾಗಿಲ್ಲ. ಆದ್ದರಿಂದ ಯುಗಾದಿಯ ಒಬ್ಬಟ್ಟನ್ನು ಮಾರನೇ ದಿನ ತುಪ್ಪ ಹಾಕಿ ತಿನ್ನುವುದಕ್ಕೆ ಯಾರನ್ನೂ ಕೇಳಬೇಡಿ. ಒಬ್ಬಟ್ಟಿನ ಸಾರು ಎರಡನೇ ದಿನಕ್ಕೇ ರುಚಿ ಎಂದು ಹೇಳುವವರ ಜೊತೆ ವಾದಕ್ಕೆ ನಾನು ಹೋಗುವುದಿಲ್ಲ, ನಾನೂ ಅವರ ಪಕ್ಷವೇ. ಉತ್ತರ ಭಾರತದಲ್ಲಿ ಶೀತಲಾಷ್ಟಮಿಯ ದಿನ ಒಲೆ ಹಚ್ಚದೆ, ಹಿಂದಿನ ದಿನ ಮಾಡಿಟ್ಟ ತಣ್ಣನೆಯ ಅಡುಗೆಯನ್ನೇ ದೇವಿಗೆ ನೈವೇದ್ಯ ಮಾಡುತ್ತಾರೆ. ದೇಶಾಚಾರ ಅಷ್ಟು ವಿಧ.

ಫ್ರಿಜ್ಜಿನ ಅನ್ನಕ್ಕೆ ನನ್ನ ನಿರ್ಣಯ ಇಷ್ಟು. ನೈವೇದ್ಯಕ್ಕೆ ಬೇಡ, ಶ್ರಾದ್ಧಕ್ಕೆ ಖಂಡಿತ ಬೇಡ. ಮನೆಯವರು ತಿನ್ನಲು, ಕೆಟ್ಟಿಲ್ಲದಿದ್ದರೆ, ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಲು ಅಡ್ಡಿಯಿಲ್ಲ. ಅದರಿಂದ ಪೂಜೆಯ ಫಲ ಕಡಿಮೆಯಾಗುವುದಿಲ್ಲ. ಆದರೆ ಭಾನುವಾರ ಮಾಡಿದ ಹುಳಿಯನ್ನು ಗುರುವಾರದವರೆಗೆ ಎಳೆಯುವುದು ಶಾಸ್ತ್ರಕ್ಕೂ ಹೊಟ್ಟೆಗೂ ಒಳ್ಳೆಯದಲ್ಲ. ಅಳತೆ ಕಡಿಮೆ ಮಾಡಿ.

ಉಳಿದದ್ದನ್ನು ಪಾತ್ರೆ ತೊಳೆಯುವಾಕೆಗೆ ಕೊಟ್ಟರೆ ಅನ್ನದಾನವೇ ಎಂದು ಕೇಳಿದ್ದೀರಿ. ಅಲ್ಲ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಈ ಅಭ್ಯಾಸ ನೋಡಿದ್ದೇನೆ. ನೀವು ಇಂದು ತಿನ್ನುವಂಥದ್ದನ್ನು, ಆಕೆಯನ್ನು ಕೇಳಿ, ಬೇಕೆಂದರೆ ಕೊಡಿ. ಅದು ಸ್ನೇಹ. ನೀವು ತಿನ್ನಲಾರದ್ದನ್ನು ಕೊಟ್ಟು ಪುಣ್ಯದ ಲೆಕ್ಕ ಬರೆಯಬೇಡಿ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಮನೆಯ ಊಟದ ಸರದಿ ಹೇಳಿದ್ದಾರೆ. ಮೊದಲು ಮಕ್ಕಳು, ತವರಿನಲ್ಲಿರುವ ಹೆಣ್ಣುಮಕ್ಕಳು, ವೃದ್ಧರು, ಗರ್ಭಿಣಿಯರು, ರೋಗಿಗಳು, ಕನ್ಯೆಯರು. ಆಮೇಲೆ ಅತಿಥಿಗಳು ಮತ್ತು ಮನೆಯ ಕೆಲಸದವರು. ಉಳಿದದ್ದು ಗಂಡ ಹೆಂಡತಿಗೆ. ಅಂದರೆ 'ಉಳಿದದ್ದು' ಯಜಮಾನನ ಪಾಲು, ಕೆಲಸದಾಕೆಯ ಪಾಲಲ್ಲ. ನಾವು ಅದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಆಪಸ್ತಂಬರು ಇನ್ನೂ ಮುಂದೆ ಹೋಗುತ್ತಾರೆ. ಕೊರತೆ ಬಂದಾಗ ತನ್ನ ಪಾಲು, ಹೆಂಡತಿಯ ಪಾಲು, ಮಗನ ಪಾಲು ಬೇಕಾದರೆ ಕಡಿಮೆ ಮಾಡಬಹುದು, ದುಡಿಯುವ ಆಳಿನ ಪಾಲು ಕಡಿಮೆ ಮಾಡಬಾರದು ಎಂದಿದ್ದಾರೆ. ಆಕೆಗೆ ಬೇರೆ ಲೋಟ ಇಡುವ ಮನೆಯವರು ಇದನ್ನು ಎರಡು ಸಲ ಓದಲಿ. ಪಾತ್ರೆ ಶುದ್ಧಿ ಎಂದರೆ ತಾಮ್ರ, ಹಿತ್ತಾಳೆಗೆ ಹುಣಸೆಹಣ್ಣು, ಬೂದಿ, ನೀರು. ಆಕೆ ತಿಕ್ಕಿದ ಸ್ಟೀಲಿನ ತಟ್ಟೆಗೆ ನೀರಿಗಿಂತ ಹೆಚ್ಚು ಏನೂ ಬೇಕಾಗಿಲ್ಲ.

ಯಾಜ್ಞವಲ್ಕ್ಯರ ಆ ಮಾತನ್ನು ಇನ್ನೊಮ್ಮೆ ನೋಡಿ. ಇದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರರು ನಮ್ಮ ಕಲ್ಯಾಣದಲ್ಲೇ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವರು. ಕೊನೆಗೆ ಊಟ ಮಾಡಬೇಕಾದವರು 'ದಂಪತಿ' ಎಂದು ಅಲ್ಲಿದೆ. ಇಬ್ಬರೂ. ಹೆಂಡತಿ ಒಬ್ಬಳೇ ಕೊನೆಗೆ, ಆರಿದ ಸಾರಿನಲ್ಲಿ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ತಿನ್ನಬೇಕು ಎಂದು ಎಲ್ಲೂ ಇಲ್ಲ. ನಿಮ್ಮ ಯಜಮಾನರು ಈ ಅಂಕಣ ಓದುತ್ತಾರೋ ಇಲ್ಲವೋ ಗೊತ್ತಿಲ್ಲ. ಓದಿದರೆ ಒಂದು ವಿಧಿ ಹೇಳುತ್ತೇನೆ. ಅಡುಗೆ ಆದ ಮೇಲೆ ಮಾಡಿದವರು "ಆಯಿತು" ಎಂದು ಯಜಮಾನನಿಗೆ ತಿಳಿಸಬೇಕು. ಆಗ ಯಜಮಾನ, ಚೆನ್ನಾಗಿ ಆಗಿದೆ, ಈ ಅನ್ನ ಎಂದೂ ಕುಂದದಿರಲಿ ಎಂಬ ಅರ್ಥ ಬರುವ ಮಾತನ್ನು ಹೇಳಬೇಕು. ಇದೂ ಆಪಸ್ತಂಬ ಸೂತ್ರವೇ. ಅಡುಗೆ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವುದು ಶಾಸ್ತ್ರದ ಕರ್ಮ ಸ್ವಾಮಿ, ಟಿವಿ ನೋಡುತ್ತಾ ತಟ್ಟೆ ಖಾಲಿ ಮಾಡುವವರು ಅದನ್ನು ಲೋಪ ಮಾಡುತ್ತಿದ್ದಾರೆ. ಜ್ಯೋತಿಷದಲ್ಲೂ ಲಗ್ನದಿಂದ ಎರಡನೇ ಮನೆ ಕುಟುಂಬದ್ದು, ಮಾತಿನದ್ದು, ಊಟದ್ದು. ಮೂರೂ ಒಂದೇ ಮನೆಯಲ್ಲಿ ಕೂತಿವೆ. ಒಂದು ಕೆಟ್ಟರೆ ಉಳಿದೆರಡು ಹೇಗೆ ಸುಖವಾಗಿರುತ್ತವೆ?

ಈಗ ಎರಡು ಮಾತು ನಿಮ್ಮ ಅತ್ತೆಯವರಿಗೆ. ಅವರು ಪ್ರತಿ ತಿಂಗಳು ಈ ಪತ್ರಿಕೆ ಓದಿಸಿ ಕೇಳುತ್ತಾರೋ ಏನೋ, ಈ ಭಾಗವನ್ನಾದರೂ ಮಗಳು ಅಜ್ಜಿಗೆ ಓದಿ ಹೇಳಲಿ.

ಅಮ್ಮಾ, ನಮಸ್ಕಾರ. ನಿಮ್ಮ ಮಡಿಯನ್ನು ನಾನು ಕಡಿಮೆ ಎಣಿಸುತ್ತಿಲ್ಲ. ಅರವತ್ತು ವರ್ಷ ಒಂದು ದಿನ ತಪ್ಪದೆ ದೇವರಿಗೆ ಅನ್ನ ಇಟ್ಟ ಕೈ ಅದು. ಯಜಮಾನರು ಹೋದ ಮೇಲೆ ಊಟದ ಮೇಲೆ ಮನಸ್ಸು ನಿಲ್ಲುವುದಿಲ್ಲ, ಬಡಿಸಲು ಎದುರಿಗೆ ಅವರಿಲ್ಲ, ಅದೂ ಅರ್ಥವಾಗುತ್ತದೆ. ಮೈಲಿಗೆ ಎನ್ನುವ ಮಾತಿನ ಹಿಂದೆ ಅದೂ ಸ್ವಲ್ಪ ಇರಬಹುದು ಅನ್ನಿಸಿ ಹೇಳಿದೆ, ತಪ್ಪು ತಿಳಿಯಬೇಡಿ. ಆದರೆ ನೀವೇ ಯೋಚಿಸಿ. ಮನೆಯ ವೃದ್ಧರು ಊಟ ಮಾಡುವ ಮೊದಲು ಯಜಮಾನ ಊಟ ಮಾಡಬಾರದು ಎಂದು ಸ್ಮೃತಿ ಹೇಳುತ್ತದೆ. ನೀವು ಹಸಿದಿದ್ದರೆ ನಿಮ್ಮ ಮಗ ದಿನಾ ಆ ನಿಯಮ ಮೀರಿ ಉಣ್ಣುತ್ತಿದ್ದಾನೆ. ನಿಮ್ಮ ಮಡಿಗಾಗಿ ಮಗನಿಗೆ ದೋಷ ಬರಬೇಕೇ? ಸೊಸೆ ಕೈಕಾಲು ತೊಳೆದು, ಬಟ್ಟೆ ಬದಲಿಸಿ, ದೇವರಿಗೆ ಇಟ್ಟು ತಂದರೆ ಅದು ಅನ್ನ ಅಲ್ಲ, ಪ್ರಸಾದ. ಪ್ರಸಾದಕ್ಕೆ ಮೈಲಿಗೆ ಇಲ್ಲ. ಹೊರನಾಡಿಗೋ ಉಡುಪಿಗೋ ಹೋದರೆ ಯಾರು ಬೇಯಿಸಿದರು, ಯಾರು ಬಡಿಸಿದರು ಎಂದು ಕೇಳದೆ ಪಂಕ್ತಿಯಲ್ಲಿ ಕೂರುತ್ತೇವಲ್ಲ.

ಬೆಳಿಗ್ಗೆ ಬಿಸಿ ಮಾಡಿ ಪ್ರೋಕ್ಷಿಸುವ ಕ್ರಮ ನಿಮ್ಮ ಕೈಯಲ್ಲಿರಲಿ. ರಾತ್ರಿಯದ್ದನ್ನು ಸೊಸೆಗೆ ಬಿಡಿ. ಮೊದಲು ಒಂದು ದಿನ, ಗುರುವಾರವೋ ಶುಕ್ರವಾರವೋ, ನಿಮಗೆ ಇಷ್ಟವಾದ ದಿನ. ಅವಳಿಗೆ ನಿಮ್ಮ ಮೆಂತ್ಯದ ಗೊಜ್ಜೋ ಹಾಗಲಕಾಯಿ ಗೊಜ್ಜೋ, ನಿಮ್ಮ ಕೈಯ ಅಳತೆ ಹೇಳಿಕೊಡಿ. ಹೇಳಿಕೊಟ್ಟು ಮಾಡಿಸಿದ್ದರೆ ಆಪಸ್ತಂಬರ 'ಮೇಲ್ವಿಚಾರಣೆ'ಯೂ ಆಯಿತು. ಮಾತ್ರೆ ನುಂಗಿದ ಮೇಲೆ ಬರೀ ಅವಲಕ್ಕಿ ಹಾಲಿನಲ್ಲಿ ಇರಬೇಡಿ ಅಮ್ಮಾ.

ಸೊಸೆಗೂ ಒಂದು ಮಾತು. ಒಂದೇ ದಿನಕ್ಕೆ ಅವರು ಒಪ್ಪುವುದಿಲ್ಲ. ಶಾಸ್ತ್ರ ತೋರಿಸಿ ಗೆಲ್ಲುವುದಕ್ಕೆ ಹೋಗಬೇಡಿ, ಈ ಪುಟವನ್ನು ಅವರ ಮುಂದೆ ಹಿಡಿದು "ನೋಡಿ ಬರೆದಿದ್ದಾರೆ" ಅನ್ನಬೇಡಿ. ಮಗಳ ಕೈಲಿ ಓದಿಸಿ. ವಾರಕ್ಕೆ ಒಂದು ಊಟ ಒಪ್ಪಿದರೂ ಅದು ದೊಡ್ಡದೇ. ಏಕಾದಶಿ ಮತ್ತು ಮಾತ್ರೆಯ ವಿಷಯದಲ್ಲಿ ಮಾತ್ರ ಕಾಯುವಂತಿಲ್ಲ.

ಉಳಿದದ್ದು ಕಾಫಿ. ಸ್ಮೃತಿಕಾರರಿಗೆ ಕಾಫಿ ಗೊತ್ತಿರಲಿಲ್ಲ, ಅದು ನಮ್ಮ ಚಂದ್ರದ್ರೋಣದ ಬೆಟ್ಟಕ್ಕೆ ಬಂದದ್ದು ಬಹಳ ತಡವಾಗಿ. ಹಾಗಾಗಿ ಬೇಡ ಎಂದೂ ಹೇಳಿಲ್ಲ, ಬೇಕು ಎಂದೂ ಹೇಳಿಲ್ಲ. ನೀರು, ಹಾಲು ವ್ರತ ಕೆಡಿಸುವುದಿಲ್ಲ ಎಂದು ಮೇಲೆ ಹೇಳಿದೆ. ಕಾಫಿಯಲ್ಲಿ ಅವೆರಡೂ ಇವೆ, ಜೊತೆಗೆ ಒಂದು ಬೀಜದ ಕಷಾಯ. ನಿತ್ಯಪೂಜೆಗೆ ಮೊದಲು ಹಲ್ಲುಜ್ಜಿ ಒಂದು ಲೋಟ ಕುಡಿಯುವುದಕ್ಕೆ ನನ್ನ ಅಭ್ಯಂತರ ಇಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಮೂವರಿಗೆ ಡಬ್ಬಿ ಕಟ್ಟುವ ಹೆಣ್ಣುಮಗಳಿಗೆ ಮನೆ ಏಳುವ ಮೊದಲು ಸಿಗುವ ಆ ಹತ್ತು ನಿಮಿಷವನ್ನು ನಾನು ಕಿತ್ತುಕೊಳ್ಳುವುದಿಲ್ಲ. ಸಂಕಲ್ಪ ಮಾಡಿ ಮಾಡುವ ವ್ರತ, ಶ್ರಾದ್ಧ, ಹೋಮದ ದಿನ ಕರ್ಮ ಮುಗಿಯುವವರೆಗೆ ಬಿಡಿ. ರಾತ್ರಿ ಹಾಕಿಟ್ಟ ಡಿಕಾಕ್ಷನ್ ತಂಗಳಾಗುತ್ತದೆಯೇ ಎಂದು ಮುಂದಿನ ತಿಂಗಳು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಅದು ಬೇಯಿಸಿದ ಅನ್ನ ಅಲ್ಲ, ಇಳಿಸಿದ ಕಷಾಯ. ಮುಚ್ಚಿಟ್ಟಿರಿ.